ನರ್ಸಿಂಗ್ ಓದಲು ಹೊರಟವರಿಗೆ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ರೋಣ, ಮುಂಡರಗಿ, ಸವಣೂರು, ಹಾನಗಲ್ ಕಡೆಯ ತಂದೆ–ತಾಯಂದಿರು ಮಗಳನ್ನೋ ಮಗನನ್ನೋ ಕರೆದುಕೊಂಡು, ನಾಲ್ಕಾರು ಬಣ್ಣದ ಪ್ರಾಸ್ಪೆಕ್ಟಸ್ ಹಿಡಿದು ಹುಬ್ಬಳ್ಳಿಗೆ ಬರುತ್ತಾರೆ. ಪರಿಚಯದವರ ಮೂಲಕ ನನ್ನನ್ನು ಹುಡುಕಿಕೊಂಡು ಬಂದವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: “ಅಕ್ಕಾರ, ಇದರಾಗ ಯಾವ ಕಾಲೇಜು ಚಲೋ ಐತ್ರಿ?” ಇಪ್ಪತ್ತು ವರ್ಷಕ್ಕೂ ಮಿಕ್ಕಿ ನರ್ಸ್ ಆಗಿ ವಾರ್ಡಿನಲ್ಲಿ ದುಡಿದ ಮೇಲೆ ನಾನು ಕೊಡುವ ಉತ್ತರವೂ ಒಂದೇ ಆಗಿಬಿಟ್ಟಿದೆ. ಕಾಲೇಜಿನ ಹೆಸರು ಆಮೇಲಿರಲಿ, ಆ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಕಲಿಯುತ್ತಾರೆ, ಅಲ್ಲಿ ಎಷ್ಟು ಹಾಸಿಗೆ ತುಂಬಿರುತ್ತವೆ ಎಂಬುದನ್ನು ಮೊದಲು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಕೋರ್ಸ್ ಆರಿಸುವುದಿರಲಿ, ಮುಂದೆ ವಿಶೇಷ ವಿಭಾಗ ಆರಿಸುವುದಿರಲಿ, ಸರ್ಕಾರಿ ನೌಕರಿಗೋ ಹೊರದೇಶಕ್ಕೋ ಅರ್ಜಿ ಹಾಕುವುದಿರಲಿ, ಎಲ್ಲ ಕಡೆಯೂ ಕೊನೆಗೆ ಲೆಕ್ಕಕ್ಕೆ ಬರುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಳೆದ ಸಮಯ. ಕೆಳಗಿನ ಹೆಜ್ಜೆಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಕೋರ್ಸುಗಳ ಗೊಂದಲ ಬಿಡಿಸಿಕೊಳ್ಳುವುದು

ನೋಂದಾಯಿತ ನರ್ಸ್ ಎಂದರೆ ರಾಜ್ಯದ ನರ್ಸಿಂಗ್ ಕೌನ್ಸಿಲ್ ಇಟ್ಟಿರುವ ರಿಜಿಸ್ಟರಿನಲ್ಲಿ ಹೆಸರು ದಾಖಲಾದವರು. ಆ ದಾಖಲೆಗೆ ಅರ್ಹತೆ ಕೊಡುವ ಮುಖ್ಯ ದಾರಿಗಳು ಎರಡು: ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮತ್ತು ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ. ಬಿಎಸ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ಒಟ್ಟಾರೆ ಶೇ 45 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಸಾಕು. ಜಿಎನ್‌ಎಂಗೆ ಇಂಗ್ಲಿಷ್ ಒಂದು ವಿಷಯವಾಗಿದ್ದು ಶೇ 40 ಅಂಕವಿದ್ದರೆ ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ ಅವಕಾಶವಿದೆ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕೆಂಬ ನಿಯಮ ಎರಡಕ್ಕೂ ಇದೆ. ಜಿಎನ್‌ಎಂ ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವೀಧರರಾಗಬಹುದು. ಹೀಗಾಗಿ ವಿಜ್ಞಾನ ಓದಲಿಲ್ಲವಲ್ಲ ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ, ಆದರೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ.

ಎರಡು ವರ್ಷದ ಎಎನ್‌ಎಂ ಬೇರೆಯೇ ಕವಲು. ನಮ್ಮ ಹಳ್ಳಿಗಳಲ್ಲಿ ಹಿಂದೆ ಕಿರಿಯ ಆರೋಗ್ಯ ಸಹಾಯಕಿ ಎಂದು ಕರೆಯುತ್ತಿದ್ದ, ಈಗ ಪಿಎಚ್‌ಸಿಒ ಎನ್ನುವ ಹುದ್ದೆಗೆ ಅದು ದಾರಿ. ಆ ಕೆಲಸ ಸಣ್ಣದೆಂದು ತಿಳಿಯಬೇಡಿ, ಆದರೆ ಅದು ಆಸ್ಪತ್ರೆಯ ನರ್ಸ್ ಹುದ್ದೆಗೆ ಸಮನಲ್ಲ ಎಂಬುದನ್ನು ತಿಳಿದೇ ಸೇರಿ. ಇನ್ನು ಆರು ತಿಂಗಳ, ಒಂದು ವರ್ಷದ “ನರ್ಸಿಂಗ್ ಅಸಿಸ್ಟಂಟ್” ಸರ್ಟಿಫಿಕೇಟುಗಳ ವಿಷಯದಲ್ಲಿ ಹೇಳಬೇಕಾದ್ದು ಒಂದೇ ಮಾತು: ಅವನ್ನು ಎಷ್ಟು ವರ್ಷ ಹಿಡಿದು ದುಡಿದರೂ ನೋಂದಣಿ ಸಿಗುವುದಿಲ್ಲ. ಬಿಳಿ ಕೋಟು ಹಾಕಿಸಿ ಫೋಟೊ ತೆಗೆಸಿದ ಮಾತ್ರಕ್ಕೆ ಮಗಳು ನರ್ಸ್ ಆದಳೆಂದು ನಂಬಿ ಹೊಲ ಅಡವಿಟ್ಟ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಸಿಇಟಿ ಮತ್ತು ಕಾಗದಪತ್ರ

ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಬರೆದಿರಬೇಕು. ಇಂಜಿನಿಯರಿಂಗ್‌ನವರ ಪರೀಕ್ಷೆ ಎಂದುಕೊಂಡು ಅರ್ಜಿಯನ್ನೇ ಹಾಕದೆ ಕುಳಿತ ವಿದ್ಯಾರ್ಥಿಗಳು ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ದುಪ್ಪಟ್ಟು ದುಡ್ಡು ಹೊಂದಿಸುವ ಸ್ಥಿತಿ ಪ್ರತಿ ವರ್ಷ ಕಾಣುತ್ತದೆ. ಅರ್ಜಿ ಹಾಕುವ ಮೊದಲೇ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಓದಿದ ಶಾಲೆಯಿಂದ ಗ್ರಾಮೀಣ ವ್ಯಾಸಂಗ ಹಾಗೂ ಕನ್ನಡ ಮಾಧ್ಯಮ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗೆ ಇವು ನಿಜವಾಗಿಯೂ ಉಪಯೋಗಕ್ಕೆ ಬರುವ ಕಾಗದಗಳು. ಬಿಇಒ ಕಚೇರಿಯ ಮೇಲುರುಜು ಆಗಬೇಕಿರುವುದರಿಂದ ಕೊನೆಯ ದಿನ ಓಡಾಡಿದರೆ ಕೆಲಸವಾಗುವುದಿಲ್ಲ.

ಗದಗ ಜಿಲ್ಲೆಯವರಿಗೆ ಒಂದು ಎಚ್ಚರಿಕೆ. ಪಕ್ಕದ ಕೊಪ್ಪಳದವರಿಗೆ ಇರುವ, ಸಂವಿಧಾನದ 371 ಜೆ ವಿಧಿಯ ಮೀಸಲಾತಿ ಗದಗ, ಧಾರವಾಡ, ಹಾವೇರಿಗಳಿಗೆ ಇಲ್ಲ. ಆ ಕೋಟಾ ದೊರೆಯುತ್ತದೆಂದು ಯಾರೋ ಹೇಳಿದ ಮಾತು ನಂಬಿ ಅರ್ಜಿಯಲ್ಲಿ ಗುರುತು ಹಾಕಿದರೆ ದಾಖಲಾತಿ ಪರಿಶೀಲನೆಯಲ್ಲಿ ತೊಂದರೆ ತಪ್ಪದು. ಸೀಟು ಸಿಕ್ಕ ಮೇಲೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಹಾಕಿ. ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳನ್ನೂ ವಿಚಾರಿಸಿ.

ಮೂರನೆಯ ಹೆಜ್ಜೆ: ಕಾಲೇಜನ್ನು ಆಸ್ಪತ್ರೆಯಿಂದ ಅಳೆಯುವುದು

ಕಾಗದದ ಪರಿಶೀಲನೆ ಸುಲಭ. ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಇಲ್ಲವೇ ಕಾನೂನುಬದ್ಧವಾದ ಬೇರೆ ವಿಶ್ವವಿದ್ಯಾಲಯದ ಸಂಯೋಜನೆ ಇರಬೇಕು, ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಹೆಸರಿರಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ಭಾರತೀಯ ನರ್ಸಿಂಗ್ ಕೌನ್ಸಿಲ್‌ಗಳ ಪಟ್ಟಿಗಳಲ್ಲೂ ಆ ವರ್ಷದ ಹೆಸರನ್ನೇ ನೋಡಬೇಕು, ಏಕೆಂದರೆ ಗೋಡೆಗೆ ತೂಗುಹಾಕಿದ ಮಾನ್ಯತೆ ಪತ್ರ ಎಷ್ಟೋ ಬಾರಿ ಹಳೆಯದಾಗಿರುತ್ತದೆ.

ಕಷ್ಟವಿರುವುದು ಆಸ್ಪತ್ರೆಯ ಪರಿಶೀಲನೆಯಲ್ಲಿ. ಬಿಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಹಾಸಿಗೆ ಇದ್ದರೆ ಸಾಲದು, ಅದರಲ್ಲಿ ರೋಗಿ ಇರಬೇಕು. ನಾನು ಹೇಳುವ ಉಪಾಯ ಇಷ್ಟೇ: ಬೆಳಿಗ್ಗೆ ಎಂಟು ಗಂಟೆಗೆ, ರಾತ್ರಿ ಪಾಳಿಯವರು ಬೆಳಗಿನವರಿಗೆ ವಾರ್ಡ್ ಒಪ್ಪಿಸುವ ಹೊತ್ತಿಗೆ ಆ ಆಸ್ಪತ್ರೆಯ ಹೊರಗೆ ಅರ್ಧ ತಾಸು ನಿಂತು ನೋಡಿ. ಓಪಿಡಿ ಚೀಟಿಯ ಸಾಲು ಎಷ್ಟಿದೆ, ಊಟದ ಡಬ್ಬಿ ಹಿಡಿದ ಸಂಬಂಧಿಕರು ಎಷ್ಟು ಜನ ಒಳಗೆ ಹೋಗುತ್ತಾರೆ ಎಂಬುದರಿಂದಲೇ ವಾರ್ಡಿನ ಅಂದಾಜು ಸಿಗುತ್ತದೆ. ಆಮೇಲೆ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ಸಲೈನ್ ಕೊಡಲು ಕೈಗೆ ಚುಚ್ಚುವ ಕ್ಯಾನುಲಾವನ್ನು ನೀವೇ ಕೈಯಾರೆ ಎಷ್ಟು ಸಲ ಹಾಕಿದ್ದೀರಿ, ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಕೇಳಿ. ಮುಖ ನೋಡಿದರೆ ಉತ್ತರ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ರೋಗಿಗಳಿಗೆ ಬರವಿಲ್ಲ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಈಗ ಕೆಎಂಸಿಆರ್‌ಐ ಎಂದು ಹೆಸರು ಬದಲಾದರೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ಹುಬ್ಬಳ್ಳಿಯ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಧಾರವಾಡದ ಸಿವಿಲ್ ಆಸ್ಪತ್ರೆ, ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು, ಇವೆಲ್ಲ ಕಲಿಯುವವರಿಗೆ ತುಂಬಿದ ಕಣಜ. ಆದರೆ ಒಂದೇ ದೊಡ್ಡ ಆಸ್ಪತ್ರೆಗೆ ಹಲವು ಕಾಲೇಜುಗಳ ಮಕ್ಕಳು ಬರುವುದರಿಂದ ಒಂದು ಹಾಸಿಗೆಯ ಸುತ್ತ ಹತ್ತು ಜನ ನಿಲ್ಲುವುದೂ ಉಂಟು. ನನಗೇ ಆದದ್ದನ್ನು ಹೇಳುತ್ತೇನೆ. ತರಬೇತಿಯ ದಿನಗಳಲ್ಲಿ ಹೆರಿಗೆ ಕೋಣೆಗೆ ನಮ್ಮನ್ನು ಹನ್ನೊಂದು ಹುಡುಗಿಯರನ್ನು ಒಟ್ಟಿಗೆ ಕಳಿಸುತ್ತಿದ್ದರು. ಮುಂದಿನ ಇಬ್ಬರಿಗೆ ಮಗು ಕಾಣುತ್ತಿತ್ತು, ಹಿಂದಿನವರಿಗೆ ಮುಂದಿನವರ ಬೆನ್ನು. ಆದರೂ ಎಲ್ಲರ ಲಾಗ್‌ಬುಕ್ಕಿನಲ್ಲೂ ಅದು ‘ಮಾಡಿಸಿದ ಹೆರಿಗೆ’ ಎಂದೇ ಸಹಿಯಾಯಿತು. ಮೊದಲ ನೌಕರಿಯ ಎರಡನೆಯ ರಾತ್ರಿ ಒಬ್ಬಳೇ ಇದ್ದಾಗ ನವಲಗುಂದ ಕಡೆಯ ಒಬ್ಬ ತಾಯಿ ಬಂದಳು. ಬಾಗಿಲಲ್ಲಿ ಅವಳ ಅತ್ತೆ “ಬ್ಯಾನಿ ಜೋರ ಆಗ್ಯಾವ್ರಿ ಸಿಸ್ಟರ್” ಎನ್ನುತ್ತಿದ್ದರೆ ಕೈಗವಸು ಹಾಕಿಕೊಳ್ಳುವ ನನ್ನ ಬೆರಳುಗಳು ನಡುಗುತ್ತಿದ್ದವು. ಆ ದಿನ ಮಗುವಿನ ತಲೆಯನ್ನು ಹೇಗೆ ಆನಿಸಿ ಹಿಡಿಯಬೇಕೆಂದು ತೋರಿಸಿಕೊಟ್ಟವಳು ಮೂವತ್ತು ವರ್ಷ ಅಲ್ಲಿಯೇ ದುಡಿದಿದ್ದ ಆಯಾ. ತಾಯಿ, ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಹೋದರು. ಸಹಿ ಮಾಡಿದ ಲಾಗ್‌ಬುಕ್ ಮಾತ್ರ ಆ ರಾತ್ರಿ ನನ್ನ ಪಾಲಿಗೆ ಯಾವ ಕೆಲಸಕ್ಕೂ ಬರಲಿಲ್ಲ.

ನಾಲ್ಕನೆಯ ಹೆಜ್ಜೆ: ಓದುವ ವರ್ಷಗಳಲ್ಲಿ ಮಾಡಿಕೊಳ್ಳಬೇಕಾದ ಅಭ್ಯಾಸ

ಬಿಎಸ್ಸಿ ಈಗ ಎಂಟು ಸೆಮಿಸ್ಟರ್‌ಗಳಾಗಿದೆ. ಥಿಯರಿಗೆ ಶೇ 80 ಹಾಜರಾತಿ ಸಾಕಾದರೂ ಪದವಿ ಪಡೆಯುವ ಮೊದಲು ಪ್ರಾಯೋಗಿಕ ಹಾಜರಾತಿ ಶೇ 100 ಆಗಿರಬೇಕೆಂಬ ನಿಯಮವಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪುಸ್ತಕ ಬೆಟ್ಟದಂತೆ ಕಾಣುತ್ತದೆ. ನಾನು ಇನ್ನೂರು ಪುಟದ ನೋಟ್‌ಬುಕ್ಕನ್ನು ಉದ್ದಕ್ಕೆ ಮಡಚಿ, ಎಡಕ್ಕೆ ಪುಸ್ತಕದ ಪದ, ಬಲಕ್ಕೆ ಅದನ್ನು ನಮ್ಮ ಅವ್ವ ಹೇಗೆ ಹೇಳುತ್ತಿದ್ದಳೆಂದು ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಗೆ ಎಡಬದಿ ಬೇಕಾಯಿತು, ಆದರೆ ನೌಕರಿಯಲ್ಲಿ ಹೆಚ್ಚು ಸಲ ಕೈಹಿಡಿದದ್ದು ಬಲಬದಿ.

ಒಂದು ಉದಾಹರಣೆ ಸಾಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಮ್ಮ ರೈತರು ‘ಎಣ್ಣಿ’ ಎನ್ನುತ್ತಾರೆ. ಹತ್ತಿಗೋ ಮೆಣಸಿನ ಗಿಡಕ್ಕೋ ಎಣ್ಣಿ ಹೊಡೆದು ಬಂದವನು ವಾಂತಿ ಮಾಡುತ್ತಿದ್ದಾನೆಂದು, ಇಲ್ಲವೇ ಮನೆಯ ಜಗಳದಲ್ಲಿ “ಎಣ್ಣಿ ಕುಡದಾನ್ರಿ” ಎಂದು ಕರೆತಂದರೆ, ಬೇರೆ ಸೀಮೆಯಿಂದ ಬಂದ ಹೊಸ ನರ್ಸ್ ಅದನ್ನು ಸಾರಾಯಿ ಎಂದುಕೊಂಡು ಮೂಲೆಯ ಹಾಸಿಗೆಗೆ ಕಳಿಸಿದರೆ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ತಿಳಿದವರು ಕೂಡಲೇ ಕೈಗವಸು ತೊಟ್ಟು, ವಿಷ ಹತ್ತಿದ ಬಟ್ಟೆ ಕಳಚಿ, ಚರ್ಮವನ್ನು ಸೋಪು ನೀರಿನಿಂದ ತೊಳೆದು, ಬಾಯಿಯ ನೊರೆ ಹೀರಿ ತೆಗೆದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆಯೇ ಎಂದು ನೋಡಿ ವೈದ್ಯರನ್ನು ಕೂಗುತ್ತಾರೆ.

ಲೆಕ್ಕವನ್ನೂ ಬಾಯಿಪಾಠ ಮಾಡಿಕೊಳ್ಳಿ. ಐನೂರು ಎಂಎಲ್ ಸಲೈನ್ ನಾಲ್ಕು ತಾಸಿನಲ್ಲಿ ಹೋಗಬೇಕೆಂದು ಆರ್ಡರ್ ಇದೆ, ಸೆಟ್ಟಿನ ಮೇಲೆ ಒಂದು ಎಂಎಲ್‌ಗೆ 20 ಹನಿ ಎಂದು ಬರೆದಿದೆ ಎನ್ನಿ. ಒಟ್ಟು ಹತ್ತು ಸಾವಿರ ಹನಿಯನ್ನು 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 42, ಅಂದರೆ ಹತ್ತು ಸೆಕೆಂಡಿಗೆ ಏಳು ಹನಿ. ಕೈಗಡಿಯಾರ ಹಿಡಿದು ಆ ಏಳನ್ನು ಎಣಿಸುವುದು ರೂಢಿಯಾದರೆ ಹೃದಯ ದುರ್ಬಲವಾದ ವೃದ್ಧರ ಶ್ವಾಸಕೋಶಕ್ಕೆ ನೀರು ತುಂಬಿಸುವ ತಪ್ಪು ನಿಮ್ಮಿಂದ ಆಗದು. ಇನ್‌ಫ್ಯೂಷನ್ ಪಂಪ್ ಎಲ್ಲ ಹಾಸಿಗೆಗೂ ಸಿಗುವ ಕಾಲ ನಮ್ಮ ಕಡೆ ಇನ್ನೂ ಬಂದಿಲ್ಲ.

ಐದನೆಯ ಹೆಜ್ಜೆ: ನೋಂದಣಿ

ಅಂತಿಮ ಫಲಿತಾಂಶ ಬಂದೊಡನೆ ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ನರ್ಸ್ ಮತ್ತು ಸೂಲಗಿತ್ತಿ ಎಂಬ ಎರಡೂ ನೋಂದಣಿ ಒಟ್ಟಿಗೆ ದೊರೆಯುವುದರಿಂದಲೇ ಹೆಸರಿನ ಮುಂದೆ ಆರ್‌ಎನ್, ಆರ್‌ಎಂ ಎಂದು ಬರೆಯುವುದು. ದೇಶದ ಮಟ್ಟದ ನರ್ಸ್‌ಗಳ ರಿಜಿಸ್ಟರಿನಲ್ಲಿ ಎನ್‌ಯುಐಡಿ ಎಂಬ ವಿಶಿಷ್ಟ ಸಂಖ್ಯೆಯನ್ನೂ ಮಾಡಿಸಿಕೊಳ್ಳಿ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ ಮತ್ತು ಅದಕ್ಕಾಗಿ ನಿರಂತರ ಕಲಿಕೆಯ ಕಾರ್ಯಾಗಾರಗಳ ತಾಸುಗಳನ್ನು ತೋರಿಸಬೇಕು, ಹೀಗಾಗಿ ಹಾಜರಾದ ಪ್ರತಿ ಕಾರ್ಯಾಗಾರದ ಸರ್ಟಿಫಿಕೇಟ್ ಒಂದು ಫೈಲಿನಲ್ಲಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಮತ್ತು ಆಧಾರ್‌ನ ಹೆಸರು ಒಂದಕ್ಷರ ಬೇರೆಯಾಗಿದ್ದರೂ ಈ ಹಂತದಲ್ಲೇ ತಿದ್ದಿಸಿ. ಮದುವೆಯಾದ ಮೇಲೆ ಹೆಸರು ಬದಲಿಸುವ ರೂಢಿಯಂತೂ ಮುಂದೆ ಪಾಸ್‌ಪೋರ್ಟಿನವರೆಗೆ ಕಾಡುತ್ತದೆ.

ಆರನೆಯ ಹೆಜ್ಜೆ: ಮೊದಲ ಎರಡು ವರ್ಷ ಎಲ್ಲಿ?

ವಿಶೇಷ ವಿಭಾಗಕ್ಕೆ ಆತುರಪಡಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲ ವರ್ಷ ಜನರಲ್ ಮೆಡಿಸಿನ್ ಅಥವಾ ಸರ್ಜರಿ ವಾರ್ಡಿನಲ್ಲಿ, ಆಮೇಲೆ ಆರು ತಿಂಗಳಾದರೂ ತುರ್ತು ವಿಭಾಗ ಅಥವಾ ಐಸಿಯುನಲ್ಲಿ ದುಡಿಯಿರಿ. ರೋಗಿಯ ಮುಖದ ಬಣ್ಣ ಬದಲಾಗುವುದನ್ನು ಮಾನಿಟರ್ ಕೂಗುವ ಮುನ್ನವೇ ಗುರುತಿಸುವ ಕಣ್ಣು ಬರುವುದು ಜನರಲ್ ವಾರ್ಡಿನಲ್ಲಿಯೇ.

ಸಂಬಳದ ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ, ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಆರಂಭದ ಪಗಾರ ಕಡಿಮೆಯೇ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದ ಮೇರೆಗೆ ರಚನೆಯಾದ ಕೇಂದ್ರದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದ ಕಡೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಇರಬೇಕು ಎಂದು ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲಿದೆ, ಪಗಾರದ ಚೀಟಿಯಲ್ಲಿ ಎಷ್ಟಿದೆ ಎಂಬುದು ಅಲ್ಲಿ ದುಡಿಯುವವರಿಗೆ ಗೊತ್ತು. ಆದರೂ ಸಂದರ್ಶನದಲ್ಲಿ ಸಂಬಳದ ಮಾತು ಬಂದಾಗ ಈ ಅಂಕಿ ನಿಮಗೆ ತಿಳಿದಿರಲಿ. ಮೂಲ ಅಂಕಪಟ್ಟಿಗಳನ್ನು ‘ಬಾಂಡ್’ ಹೆಸರಿನಲ್ಲಿ ಯಾರಿಗೂ ಒಪ್ಪಿಸಬೇಡಿ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಅದೇ ದಿನ ಮನೆಗೆ ತನ್ನಿ.

ಏಳನೆಯ ಹೆಜ್ಜೆ: ವಿಶೇಷ ವಿಭಾಗದ ಆಯ್ಕೆ

ದಾರಿಗಳು ಹಲವು. ನೋಂದಣಿಯ ನಂತರ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳು ಕ್ರಿಟಿಕಲ್ ಕೇರ್, ತುರ್ತು ಮತ್ತು ವಿಪತ್ತು, ನವಜಾತ ಶಿಶು, ಕ್ಯಾನ್ಸರ್, ಮೂತ್ರಪಿಂಡ, ಶಸ್ತ್ರಚಿಕಿತ್ಸಾ ಕೊಠಡಿ, ಮನೋರೋಗ ಮುಂತಾದ ವಿಷಯಗಳಲ್ಲಿವೆ. ಬಿಎಸ್ಸಿ ಆಗಿ ಒಂದು ವರ್ಷದ ಅನುಭವವಿದ್ದವರು ಎರಡು ವರ್ಷದ ಎಂಎಸ್ಸಿಯನ್ನು ಐದು ವಿಭಾಗಗಳಲ್ಲಿ ಮಾಡಬಹುದು: ಮೆಡಿಕಲ್–ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ. ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ವಸತಿ ಕೋರ್ಸೂ ಇದೆ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಬೇಕೆಂದವರಿಗೆ ಎಂಎಸ್ಸಿ ಬೇಕೇ ಬೇಕು, ಹಾಸಿಗೆಯ ಪಕ್ಕದಲ್ಲೇ ಉಳಿಯಬೇಕೆಂದವರಿಗೆ ಒಂದು ವರ್ಷದ ಡಿಪ್ಲೊಮಾ ಹೆಚ್ಚು ಉಪಯುಕ್ತವೆಂದು ನನಗನ್ನಿಸುತ್ತದೆ.

ಯಾವುದನ್ನು ಆರಿಸಬೇಕೆಂಬುದಕ್ಕೆ ಆಯಾ ವಿಭಾಗದ ಒಂದೊಂದು ಕೆಲಸವನ್ನು ಹತ್ತಿರದಿಂದ ನೋಡುವುದೇ ಒಳ್ಳೆಯದು.

ತುರ್ತು ವಿಭಾಗವನ್ನು ತೆಗೆದುಕೊಳ್ಳಿ. ಮುಂಗಾರು ಹಿಡಿದ ಮೇಲೆ ಹಾವೇರಿ, ಗದಗ ಕಡೆಯ ಹೊಲಗಳಿಂದ ಹಾವು ಕಡಿದವರು ಬರುತ್ತಾರೆ. ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಅದನ್ನು ತಿಳಿಯಲು ನರ್ಸ್ ಮಾಡುವ ಪರೀಕ್ಷೆಗೆ ಬೇಕಾದದ್ದು ಒಂದು ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆ ಮಾತ್ರ. ಎರಡು ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆಯೆಂದು ಅರ್ಥ. ಸೋಪಿನ ಪುಡಿಯಿಂದ ತೊಳೆದ ನಳಿಕೆಯಲ್ಲಿಯೂ ಪ್ಲಾಸ್ಟಿಕ್ ನಳಿಕೆಯಲ್ಲಿಯೂ ಫಲಿತಾಂಶ ತಪ್ಪಾಗಬಹುದು ಎಂಬುದು ತಿಳಿಯದೆ, ಎಷ್ಟೋ ಕಡೆ ಕೈಗೆ ಸಿಕ್ಕಿದ್ದರಲ್ಲಿ ಮಾಡುತ್ತಾರೆ. ವೈದ್ಯರು ಎಎಸ್‌ವಿ ಎಂಬ ಪ್ರತಿವಿಷವನ್ನು ಆರ್ಡರ್ ಮಾಡಿದ ಮೇಲೆ, ಅದು ಒಗ್ಗದಿದ್ದರೆ ಕೊಡಬೇಕಾದ ಅಡ್ರಿನಲಿನ್ ಸಿರಿಂಜಿನಲ್ಲಿ ತಯಾರಿಟ್ಟುಕೊಂಡು, ಮೊದಲ ಹನಿಗಳು ಹೋಗುವಾಗ ತುರಿಕೆ, ನಡುಕ, ಉಬ್ಬಸ ಬರುತ್ತದೆಯೇ ಎಂದು ಬಿಟ್ಟುಕದಲದೆ ನೋಡುವವರೂ ನರ್ಸ್. ಹೊರಗೆ ನಿಂತ ಇಪ್ಪತ್ತು ಜನ ಸಂಬಂಧಿಕರ ಗದ್ದಲದ ನಡುವೆ ಇದೆಲ್ಲ ನಡೆಯುತ್ತದೆ. ಗದ್ದಲದಲ್ಲಿ ನಿಮ್ಮ ತಲೆ ಇನ್ನಷ್ಟು ಸ್ಪಷ್ಟವಾಗುವುದಾದರೆ ತುರ್ತು ವಿಭಾಗ ನಿಮ್ಮದು, ಇಲ್ಲವಾದರೆ ಒತ್ತಾಯದಿಂದ ಅಲ್ಲಿ ಇರಬೇಡಿ.

ಪ್ರಸೂತಿ ವಿಭಾಗದಲ್ಲಿ ಗದ್ದಲಕ್ಕಿಂತ ಕಾಯುವುದು ಹೆಚ್ಚು. ಗರ್ಭನಂಜಿನಿಂದ ಫಿಟ್ಸ್ ಬಂದ ತಾಯಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಪ್ರಾಣ ಉಳಿಸುವ ಆ ಔಷಧವೇ ಪ್ರಮಾಣ ಮೀರಿದರೆ ಉಸಿರು ನಿಲ್ಲಿಸುತ್ತದೆ. ಹೀಗಾಗಿ ಪ್ರತಿ ಮುಂದಿನ ಡೋಸಿನ ಮೊದಲು ನರ್ಸ್ ಮೂರನ್ನು ನೋಡಲೇಬೇಕು: ಮೊಣಕಾಲಿನ ಕೆಳಗೆ ಸುತ್ತಿಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲವೇ, ಮೂತ್ರ ತಾಸಿಗೆ 30 ಎಂಎಲ್‌ನಷ್ಟಾದರೂ ಬರುತ್ತಿದೆಯೇ. ಅದರ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲೂಕೊನೇಟ್ ಹತ್ತಿರದ ಟ್ರೇಯಲ್ಲಿಯೇ ಇರಬೇಕು. ರಾತ್ರಿ ಎರಡಕ್ಕೂ, ಆರಕ್ಕೂ ಇದನ್ನು ಅಷ್ಟೇ ಶ್ರದ್ಧೆಯಿಂದ ಮಾಡುವ ತಾಳ್ಮೆ ಇದ್ದವರಿಗೆ ಈ ವಿಭಾಗ. ಇದರ ಜೋಡಿಯಾದ ನವಜಾತ ಶಿಶು ಘಟಕದಲ್ಲಿ, ಅಂದರೆ ಎಸ್‌ಎನ್‌ಸಿಯುನಲ್ಲಿ, ಅಂಗೈಯಷ್ಟು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವ ಕಾಂಗರೂ ಆರೈಕೆಯನ್ನು ಅಜ್ಜಿಯಂದಿರಿಗೆ ಒಪ್ಪಿಸುವುದೇ ಅರ್ಧ ಕೆಲಸ. ಬಾಣಂತಿಯನ್ನು ಹಾಗೆ ಕೂಡ್ರಿಸಿದರೆ ಅವಳ ಬೆನ್ನು ಹೋಗುತ್ತದೆಂದು ಅವರ ವಾದ.

ಮನೋರೋಗ ಶುಶ್ರೂಷೆಗೆ ಧಾರವಾಡಕ್ಕಿಂತ ಹಳೆಯ ನೆಲೆ ಈ ಭಾಗದಲ್ಲಿ ಇನ್ನೊಂದಿಲ್ಲ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ಈಗಿನ ಡಿಮ್ಹಾನ್ಸ್‌ನ ಮೂಲ 1845ರಷ್ಟು ಹಿಂದಕ್ಕೆ ಹೋಗುತ್ತದೆ. ‘ಹುಚ್ಚರ ದವಾಖಾನಿ’ ಎಂಬ ಹಳೆಯ ಮಾತಿನಿಂದಾಗಿ ಮನೆಯವರು ಈ ವಿಭಾಗಕ್ಕೆ ಒಪ್ಪುವುದಿಲ್ಲ, ಆದರೆ ಕೆಲಸದ ಸ್ವರೂಪ ಬಹಳ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು, ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು ನಿಷೇಧಿಸಿದೆ. ಕೈಕಾಲು ಹಿಡಿಯದೆ, ಮಾತಿನಿಂದಲೇ ಉದ್ವೇಗ ಇಳಿಸುವ ಕಲೆ ಇಲ್ಲಿ ಸೂಜಿಗಿಂತ ಮುಖ್ಯ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಡಯಾಲಿಸಿಸ್ ಘಟಕದಲ್ಲಿ ಅದೇ ರೋಗಿಗಳು ವಾರಕ್ಕೆ ಎರಡು–ಮೂರು ಸಲ, ಸುಮಾರು ನಾಲ್ಕು ತಾಸು ನಿಮ್ಮೆದುರಿಗಿರುತ್ತಾರೆ. ಡಯಾಲಿಸಿಸ್ಸಿಗಾಗಿ ರಕ್ತನಾಳಗಳನ್ನು ಜೋಡಿಸಿದ, ಅಂದರೆ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಚುಚ್ಚಬಾರದು ಎಂದು ಇತರ ವಾರ್ಡುಗಳಿಗೆ ಹೇಳಿ ಹೇಳಿ ಸಾಕಾಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿ ಅಚ್ಚುಕಟ್ಟಿನವರಿಗೆ: ಹೊಟ್ಟೆ ಮುಚ್ಚುವ ಮೊದಲು ಬಟ್ಟೆಯ ಪ್ಯಾಡುಗಳ ಎಣಿಕೆ ತಾಳೆಯಾಗದಿದ್ದರೆ ಎಂಥ ದೊಡ್ಡ ಸರ್ಜನ್ನನನ್ನೂ ನಿಲ್ಲಿಸಬೇಕು. ಕ್ಯಾನ್ಸರ್ ಶುಶ್ರೂಷೆಯನ್ನು ಹತ್ತಿರದಿಂದ ನೋಡಬೇಕೆಂದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಕೀಮೊ ಔಷಧ ನರದಿಂದ ಹೊರಗೆ ಸೋರಿದರೆ ಚರ್ಮ ಸುಡುವುದರಿಂದ ಅಲ್ಲಿ ಕ್ಯಾನುಲಾ ಹಾಕುವ ಕೈ ಬಹಳ ಪಳಗಿರಬೇಕು. ರಾತ್ರಿ ಪಾಳಿ ಬೇಡವೆನ್ನುವವರಿಗೆ ಸಮುದಾಯ ಆರೋಗ್ಯವಿದೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಗುರುವಾರದ ಲಸಿಕೆಯಿಂದ ಹಿಡಿದು 30 ದಾಟಿದವರ ಬಿಪಿ, ಸಕ್ಕರೆ ತಪಾಸಣೆಯವರೆಗೆ ಊರಿನ ಆರೋಗ್ಯವನ್ನೇ ನೋಡಿಕೊಳ್ಳುತ್ತಾರೆ. ಆದರೆ ಅದು ರಾಷ್ಟ್ರೀಯ ಆರೋಗ್ಯ ಅಭಿಯಾನದ, ಅಂದರೆ ಎನ್‌ಎಚ್‌ಎಂ ಅಡಿಯ ಗುತ್ತಿಗೆ ನೌಕರಿ ಎಂಬುದು ನೆನಪಿರಲಿ.

ಗಂಡುಮಕ್ಕಳ ಬಗ್ಗೆಯೂ ಒಂದು ಮಾತು. ‘ಬ್ರದರ್’ಗಳಿಗೆ ಪ್ರಸೂತಿ ವಾರ್ಡಿನಲ್ಲಿ ಅವಕಾಶ ಕಡಿಮೆ, ತುರ್ತು ವಿಭಾಗ, ಐಸಿಯು, ಮೂಳೆ ವಿಭಾಗ, ಮನೋರೋಗ ಇವುಗಳಲ್ಲಿ ಬೇಡಿಕೆ ಹೆಚ್ಚು.

ಎಂಟನೆಯ ಹೆಜ್ಜೆ: ಸರ್ಕಾರಿ ನೌಕರಿ

ಹಿಂದಿನ ಸ್ಟಾಫ್ ನರ್ಸ್ ಹುದ್ದೆಯನ್ನು ಈಗ ಶುಶ್ರೂಷಾಧಿಕಾರಿ ಎನ್ನುತ್ತಾರೆ. ರಾಜ್ಯದ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳ ಅಧಿಸೂಚನೆಗಳ ಮೇಲೆ ಕಣ್ಣಿಡುವುದರ ಜೊತೆಗೆ, ಏಮ್ಸ್‌ಗಳ ಶುಶ್ರೂಷಾಧಿಕಾರಿ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೂ ತಯಾರಾಗಿ. ಪ್ರಿಲಿಮ್ಸ್ ಮತ್ತು ಮೇನ್ಸ್ ಎಂಬ ಎರಡು ಹಂತದ ಈ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ, ಜಿಎನ್‌ಎಂನವರು 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವದೊಂದಿಗೆ ಕೂರಬಹುದು. ಹುದ್ದೆ ಕೇಂದ್ರದ ಏಳನೆಯ ವೇತನ ಹಂತದ್ದು, ಆರಂಭದ ಮೂಲ ವೇತನ 44,900 ರೂಪಾಯಿ. ರೈಲ್ವೆ ನೇಮಕಾತಿಯನ್ನೂ ಮರೆಯಬೇಡಿ, ಹುಬ್ಬಳ್ಳಿಯಲ್ಲಿಯೇ ದೊಡ್ಡ ರೈಲ್ವೆ ಆಸ್ಪತ್ರೆಯಿದೆ. ಹೆಣ್ಣುಮಕ್ಕಳಿಗೆ ಮಿಲಿಟರಿ ನರ್ಸಿಂಗ್ ಸೇವೆ ಇನ್ನೊಂದು ದಾರಿ, ಅದರ ಬಿಎಸ್ಸಿ ಪ್ರವೇಶಕ್ಕೆ ನೀಟ್ ಬರೆದಿರಬೇಕು.

ಒಂಬತ್ತನೆಯ ಹೆಜ್ಜೆ: ಹೊರದೇಶ

ಬ್ರಿಟನ್ನಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತುಗಳಲ್ಲಿ 7, ಬರವಣಿಗೆಯಲ್ಲಿ 6.5 ಬೇಕು, ಅದರ ಬದಲು ಆರೋಗ್ಯ ವೃತ್ತಿಯವರಿಗಾಗಿಯೇ ಇರುವ ಒಇಟಿಯನ್ನೂ ಬರೆಯಬಹುದು. ಆಮೇಲೆ ಇಲ್ಲಿಯೇ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆಯ ಬಿ2 ಮಟ್ಟ, ಕೊಲ್ಲಿ ದೇಶಗಳಿಗೆ ಆಯಾ ದೇಶದ ಪರವಾನಗಿ ಪರೀಕ್ಷೆ ಮತ್ತು ದಾಖಲೆಗಳ ಡೇಟಾಫ್ಲೋ ಪರಿಶೀಲನೆ. ಏಜೆಂಟರ ಹೆಸರನ್ನು ವಿದೇಶಾಂಗ ಇಲಾಖೆಯ ಇ–ಮೈಗ್ರೇಟ್ ತಾಣದಲ್ಲಿ ಹುಡುಕಿ ನೋಡಿದ ಮೇಲೆಯೇ ಮಾತಾಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದವರ ಬಾಗಿಲಿನಿಂದ ಎದ್ದು ಬನ್ನಿ.

ಎಲ್ಲಿಗೇ ಅರ್ಜಿ ಹಾಕಿದರೂ ಕೊನೆಗೆ ಕೇಳುವುದು ಅನುಭವದ ಪತ್ರವನ್ನು. “ನಮ್ಮಲ್ಲಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ” ಎಂಬ ಎರಡು ಸಾಲಿನ ಪತ್ರ ಸಾಲುವುದಿಲ್ಲ. ಆಸ್ಪತ್ರೆಯ ಒಟ್ಟು ಹಾಸಿಗೆ, ನೀವು ದುಡಿದ ವಾರ್ಡ್ ಮತ್ತು ಅದರ ಹಾಸಿಗೆ, ಸೇರಿದ ಮತ್ತು ಬಿಟ್ಟ ತಾರೀಖು, ಪೂರ್ಣಾವಧಿಯೋ ಅಲ್ಲವೋ, ನಿಮ್ಮ ನೋಂದಣಿ ಸಂಖ್ಯೆ, ಸಹಿ ಮಾಡಿದವರ ಹುದ್ದೆ ಮತ್ತು ಆಸ್ಪತ್ರೆಯ ಮೊಹರು, ಇಷ್ಟೂ ಅದರಲ್ಲಿರಬೇಕು. ಒಂದು ವಾರ್ಡಿನಿಂದ ಇನ್ನೊಂದಕ್ಕೆ ಬದಲಾದಾಗಲೇ ತಾರೀಖನ್ನು ಬರೆದಿಟ್ಟುಕೊಳ್ಳಿ, ಕೆಲಸ ಬಿಡುವ ದಿನವೇ ಪತ್ರ ಬರೆಸಿಕೊಂಡು ಹೊರಡಿ. ಸಣ್ಣ ನರ್ಸಿಂಗ್ ಹೋಮ್‌ಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ. ಮೂರು ವರ್ಷ ಬಿಟ್ಟು ಹೋಗಿ ಕೇಳಿದರೆ ನಿಮ್ಮನ್ನು ಗುರುತಿಸುವವರು ಅಲ್ಲಿ ವಾಚ್‌ಮನ್ ಒಬ್ಬನೇ ಉಳಿದಿರಬಹುದು.